ಇದ್ದೀಯೋ ಇಲ್ವೋ

ಮೂರು ಬೀದಿಗೆ ಕೇಳಿಸುವ ಗಂಟಲಿನ ನನ್ನ ಅಮ್ಮನಿಗೆ,

ನೀನು ಹೋಗಿ ಐದು ತಿಂಗಳಾಯಿತು. ಈ ಕಾಗದ ನಿನಗೆ ಮುಟ್ಟುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಮುಟ್ಟಿದ್ದರೂ ಓದುವ ಮೊದಲೇ ನೀನು ಅದನ್ನು ತೂಕಕ್ಕೆ ಹಾಕುತ್ತಿದ್ದೆ ಬಿಡು. ಬರೆದರೆ ಸದ್ದಾಗುವುದಿಲ್ಲ, ಅದೊಂದು ಅನುಕೂಲ.

ಕೈಗಾಡಿ ತಳ್ಳಿಕೊಂಡು "ಹಳೇ ಪೇಪರ್, ಖಾಲೀ ಸೀಸೇ" ಎಂದು ನೀನು ಕೂಗಿದರೆ ನಾಲ್ಕನೇ ಮಹಡಿಯವರೂ ರದ್ದಿಯ ಕಟ್ಟು ಹಿಡಿದು ಇಳಿದು ಬರುತ್ತಿದ್ದರು. ನಿನ್ನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ, ನಿಂತರೂ ಊರಿಗೆಲ್ಲ ಕೇಳಿಸುತ್ತದೆ ಎಂದು ಪಕ್ಕದ ಮನೆಯವರು ಆಡಿಕೊಳ್ಳುತ್ತಿದ್ದರು. ನನಗೂ ನಾಚಿಕೆಯೇ. ಗಾಡಿ ಶಾಲೆಯ ಬೀದಿಗೆ ಬಂತೆಂದರೆ, ಬಿದ್ದ ಪೆನ್ಸಿಲ್ ಹುಡುಕುವವಳಂತೆ ಬೆಂಚಿನ ಕೆಳಗೆ ಬಗ್ಗಿಬಿಡುತ್ತಿದ್ದೆ. ಆಮೇಲೆ ಅದೇ ರದ್ದಿಯಲ್ಲಿ ಮೊದಲ ಹಾಳೆಗಳಿಲ್ಲದ ಒಂದು ನಾಟಕದ ಪುಸ್ತಕ ಸಿಕ್ಕಿತು. ಅದರ ರಾಣಿಯ ಮಾತನ್ನು ನಾನು ಹಿತ್ತಿಲಲ್ಲಿ ನಿಂತು ಹೇಳಿದ ದಿನ ನೀನು ತಕ್ಕಡಿ ಕೆಳಗಿಟ್ಟು ಕೇಳಿದೆ. "ನನ್ನ ಗಂಟ್ಲು ನಿಂಗೆ ಬಂದಿದೆ ಕಣೇ. ನಾನು ಸೀಸೆಗೆ ಕೂಗ್ದೆ, ನೀನು ಬೇರೆ ಏನಕ್ಕಾದ್ರೂ ಕೂಗು" ಅಂದೆ. ಆ ಒಂದು ಮಾತು ಕಟ್ಟಿಕೊಂಡು ಈ ದೊಡ್ಡ ಊರಿಗೆ ಬಂದೆ.

ಇಲ್ಲಿನ ಬಾಡಿಗೆಯ ಕತೆಯನ್ನು ನಿನಗೆ ಪೂರ್ತಿ ಹೇಳಿರಲಿಲ್ಲ. ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳು ಕೆದರಿ ಬಿಟ್ಟ ಅಂಗಿಗಳನ್ನು ದಿನವಿಡೀ ಮಡಚಿಡುವವಳಿಗೆ, ನಾಟಕದ ಹಾಲಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಸಿಕ್ಕಿದ್ದು ಇದೊಂದೇ ಕೋಣೆ. ಮಂಚ ಹಾಕಿದ ಮೇಲೆ ಬಾಗಿಲು ಅರ್ಧವೇ ತೆರೆಯುತ್ತದೆ. ಬಾಡಿಗೆ ಕಡಿಮೆ, ಆದರೆ ಷರತ್ತಿತ್ತು. "ನಮ್ಮ ಯಜಮಾನ್ರಿಗೆ ಹುಷಾರಿಲ್ಲ, ಸದ್ದು ಅಂದ್ರೆ ಆಗಲ್ಲ. ಮೇಲೆ ಯಾರೋ ಇದಾರೆ ಅಂತ್ಲೇ ಗೊತ್ತಾಗ್ಬಾರ್ದು ನೋಡಮ್ಮ" ಎಂದರು ಕೆಳಗಿನ ಮನೆಯ ಮಾಲಕಿ, ನಾನು ಆಂಟಿ ಎಂದು ಕರೆಯುವವರು. ನಾನು ತಲೆಯಾಡಿಸಿದೆ.

ನಾಲ್ಕು ವರ್ಷ ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದೆ. ನಲ್ಲಿಯ ನೀರು ಬಕೆಟ್ಟಿಗೆ ಬೀಳುವ ಜಾಗದಲ್ಲಿ ಬಟ್ಟೆ ಹಾಸಿದೆ. ಪಾತ್ರದ ಮಾತುಗಳನ್ನೆಲ್ಲ ದಿಂಬಿಗೆ ಬಾಯಿ ಒತ್ತಿ ಕಲಿತೆ. ಈಗ ಆ ದಿಂಬಿಗೆ ನನಗಿಂತ ಹೆಚ್ಚು ನಾಟಕ ಬಾಯಿಪಾಠ. ಫೋನ್ ಮಾಡಿದಾಗಲೆಲ್ಲ ನೀನು ಕೇಳುತ್ತಿದ್ದೆಯಲ್ಲ, "ಯಾಕೇ ಪಿಸುಗುಟ್ತೀಯಾ? ಯಾರಾದ್ರೂ ಮಲಗಿದಾರಾ?" ಅಂತ. ಹೌದಮ್ಮ ಎನ್ನುತ್ತಿದ್ದೆ. ಯಾರೂ ಮಲಗಿರಲಿಲ್ಲ. ಆಂಟಿಯಂತೂ ಸಿಕ್ಕಾಗಲೆಲ್ಲ, "ಬಂಗಾರದಂಥ ಹುಡುಗಿ, ಇದ್ದೀಯೋ ಇಲ್ವೋ ಗೊತ್ತೇ ಆಗಲ್ಲ" ಎಂದು ಹೊಗಳುತ್ತಿದ್ದರು. ನಾನು ದಡ್ಡಿ, ಹಿಗ್ಗುತ್ತಿದ್ದೆ.

ತಮ್ಮ ಫೋನ್ ಮಾಡಿ ನೀನು ಹೋದೆ ಎಂದಾಗಲೂ ನನ್ನ ಕೈ ಮೊದಲು ಹುಡುಕಿದ್ದು ದಿಂಬನ್ನೇ. ಅತ್ತು ಮುಗಿಸಿ ಕೆಳಗಿಳಿದಾಗ ಆಂಟಿ ನಗುತ್ತಾ, ಇವತ್ತು ರಜೆಯಾ ಎಂದು ಕೇಳಿದರು. ಊರಿಗೆ ಬಂದು ನಿನ್ನ ಮುಂದೆ ನಿಂತೆ. ಅಲ್ಲಿ ಸದ್ದು ಬೇಡ ಎನ್ನುವವರು ಯಾರೂ ಇರಲಿಲ್ಲ, ಆದರೂ ಬಾಯಿ ತೆರೆಯಿತು, ದನಿ ಬರಲಿಲ್ಲ. "ಏನು ಗಟ್ಟಿ ಎದೆ ಇವಳ್ದು, ಹೆತ್ತೋಳಿಗೆ ಒಂದ್ಸಲ ಜೋರಾಗಿ ಅಳ್ಲಿಲ್ಲ" ಎಂದಳು ಚಿಕ್ಕಮ್ಮ. ಗಟ್ಟಿಯಿರಲಿಲ್ಲ ಅಮ್ಮ, ನಿನ್ನಾಣೆ.

ಹೋದ ತಿಂಗಳ ಕೊನೆಗೆ ಒಂದು ರಾಣಿಯ ಪಾತ್ರಕ್ಕೆ ನನ್ನನ್ನು ಕರೆದರು. ಮೈಕಿಲ್ಲದ ನಾಟಕ. ಮಾತು ಮುಗಿಸಿ ನೋಡಿದರೆ ನಿರ್ದೇಶಕರು ಹಿಂದಿನ ಸಾಲಿನಿಂದ ಎದ್ದು ಬರುತ್ತಿದ್ದರು. "ಚೆನ್ನಾಗಿ ಮಾಡ್ತೀಯ. ಆದ್ರೆ ಅಲ್ಲಿ ಕೂತ್ರೆ ನೀನು ಇದ್ದೀಯೋ ಇಲ್ವೋ ಗೊತ್ತೇ ಆಗಲ್ಲಮ್ಮ" ಅಂದರು. ಆಮೇಲೆ ಪಾಪ ಅನ್ನಿಸಿತೇನೋ, ಹದಿನೈದು ದಿನ ಕೊಟ್ಟರು. ಕೊನೆಯ ಸಾಲಿಗೆ ಕೇಳಿಸಿದರೆ ಪಾತ್ರ ನನ್ನದೇ.

ಎಲ್ಲಿ ಹೋಗಿ ಗಂಟಲು ಬಿಡಲಿ? ಪಾರ್ಕಿನಲ್ಲಿ ಕಾವಲುಗಾರ ಸೀಟಿ ಊದಿ ಓಡಿಸಿದ. ಸೇತುವೆಯ ಕೆಳಗೆ ಲಾರಿಗಳ ಮುಂದೆ ನನ್ನ ಆಟ ನಡೆಯಲಿಲ್ಲ. ಅಭ್ಯಾಸದ ಹಾಲಿಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ, ಒಂದು ಬಾಡಿಗೆಗೇ ಉಸಿರು ಕಟ್ಟಿದವಳು ಇನ್ನೊಂದನ್ನು ಎಲ್ಲಿಂದ ತರಲಿ?

ಇವತ್ತು ಹದಿನೈದನೇ ದಿನ. ಸಂಜೆ ಐದಕ್ಕೆ ಹೋಗಬೇಕಿತ್ತು. ಬೆಳಿಗ್ಗೆ ಆಂಟಿ ಹೊಸ ಕರಾರುಪತ್ರ ಕೊಟ್ಟು ಹೋದರು. "ಬೀದೀಲಿ ಎಲ್ರೂ ಬಾಡಿಗೆ ಏರಿಸಿದಾರೆ. ನಿಂಗೆ ಮಾತ್ರ ಏರಿಸಲ್ಲ, ನಿನ್ನಂಥೋಳು ಎಲ್ಲಿ ಸಿಗ್ತಾಳೆ?" ಅದನ್ನು ಮುಂದಿಟ್ಟುಕೊಂಡು ಮಧ್ಯಾಹ್ನದವರೆಗೂ ಕೂತೆ. ಏನನ್ನಿಸಿತೋ, ದಿಂಬನ್ನು ಮಂಚದ ಕೆಳಗೆ ನೂಕಿ ಎದ್ದು ನಿಂತೆ. ರಾಣಿಯ ಮಾತು ಬಾಯಿಗೆ ಬರಲಿಲ್ಲ, ನಿನ್ನ ಕೂಗು ಬಂತು. ಹಳೇ ಪೇಪರ್, ಖಾಲೀ ಸೀಸೇ! ಒಡೆದು, ಕರಕರ ಎಂದು ಬಂತು, ಆದರೆ ನಿನ್ನದೇ ದನಿ ಅಮ್ಮ. ಕಿಟಕಿಯಿಂದ ಕಂಡೆ, ಬೀದಿಯ ಆಚೆ ಬದಿ ನಡೆಯುತ್ತಿದ್ದವನೊಬ್ಬ ನಿಂತು ತಲೆಯೆತ್ತಿ ನೋಡಿದ.

ಮೆಟ್ಟಿಲ ಮೇಲೆ ದಡದಡ ಹೆಜ್ಜೆ, ಬಾಗಿಲು ಬಡಿತ. "ಯಾರಮ್ಮ ಅದು? ಒಳಗೆ ಯಾರಿದಾರೆ?" ನಾನು ಬೇರೆ ಯಾರನ್ನೋ ಕರೆತಂದಿದ್ದೇನೆ ಎಂದುಕೊಂಡಿದ್ದರು. ನನ್ನ ತೆರೆದ ದನಿಯನ್ನು ಅವರು ಒಮ್ಮೆಯೂ ಕೇಳಿರಲಿಲ್ಲವಲ್ಲ. ನಾನೇ ಆಂಟಿ, ಅದು ನನ್ನ ದನಿ ಎನ್ನಬೇಕಿತ್ತು. ಹಾಗೆ ಹೇಳಿದರೆ ಈ ಕೋಣೆ ಹೋಗುತ್ತದೆ. ಇದು ಹೋದರೆ ಈ ಊರಲ್ಲಿ ನನಗೆ ಇನ್ನೊಂದಿಲ್ಲ.

"ಯಾರೂ ಇಲ್ಲ ಆಂಟಿ" ಅಂದೆ, ಪಿಸುದನಿಯಲ್ಲಿ. ಕರಾರುಪತ್ರಕ್ಕೆ ಸಹಿ ಹಾಕಿ ಬಾಗಿಲ ಸಂದಿಯಿಂದ ತಳ್ಳಿದೆ.

ಆಮೇಲೆ ಎರಡು ಸಲ ಬಾಯಿ ತೆರೆದು ನೋಡಿದೆ. ಬರೀ ಗಾಳಿ ಬಂತು. ಈಗ ಆರು ಗಂಟೆಯಾಗಿದೆ, ನಾನು ಹೋಗಲಿಲ್ಲ.

ನೀನಿರುವ ಕಡೆ ಬಾಡಿಗೆ ಇಲ್ಲದಿರಲಿ ಅಮ್ಮ, ಗೋಡೆಗಳೂ ಇಲ್ಲದಿರಲಿ. ಗಂಟಲು ತುಂಬ ಕೂಗಿಕೊಂಡು ಓಡಾಡು. ನಾನಿಲ್ಲಿ ಕಿವಿಗೊಟ್ಟು ಕೂತಿರುತ್ತೇನೆ.

ಸದ್ದಿಲ್ಲದೆ,
ನಿನ್ನ ಮಗಳು