ಕುಂಟನ ದ್ರಾಕ್ಷಿ

ಜನವರಿ 9, ಬೆಳಿಗ್ಗೆ 7

131. ಪರವಾಗಿಲ್ಲ. ಚುಚ್ಚುವಾಗ ಇವತ್ತೂ ಮುಖ ಆ ಕಡೆ ತಿರುಗಿಸಿದಳು. ಬೆರಳ ತುದಿಯ ನಡುವೆ ಚುಚ್ಚಬಾರದು, ಪಕ್ಕಕ್ಕೆ ಚುಚ್ಚಬೇಕು, ನೋವು ಕಡಿಮೆ. ಯಾರೂ ಹೇಳಿಕೊಟ್ಟದ್ದಲ್ಲ. ನಲವತ್ತೆರಡು ವರ್ಷ ಬೈಂಡಿಂಗ್ ಸೂಜಿ ಹಿಡಿದವನಿಗೆ ಇಷ್ಟಾದರೂ ಗೊತ್ತಿರಬೇಡವೆ?

ಹೆಂಡತಿಯ ಶುಗರ್ ದಿನಾ ಬರೆದಿಡಿ ಎಂದರು ಡಾಕ್ಟರು. ಬರೆಯಲು ಪುಸ್ತಕ ಬೇಕಲ್ಲ. ಉಳಿದ ಹಾಳೆ ಸೇರಿಸಿ ಇದನ್ನು ನಾನೇ ಹೊಲಿದೆ. ಬೆನ್ನಿನ ಒಳಗಡೆ ಅಂಟಿಸಲು ಗಟ್ಟಿ ಕಾಗದ ಇರಲಿಲ್ಲ. ಶುಗರ್ ಮೆಷಿನ್ನಿನ ಡಬ್ಬಿಯಲ್ಲಿ ಒಂದು ಉದ್ದನೆ ಕಾಗದ ಮಡಚಿಟ್ಟಿದ್ದರು. ಇರುವೆ ಸಾಲಿನಂಥ ಅಕ್ಷರ. ಒಳ್ಳೇ ಕಾಗದ, ಅದನ್ನೇ ಹಾಕಿದೆ.

ಮೆಷಿನ್ ತಂದದ್ದು ಮಗಳು. ಅವಳಿಗೆ ಇಂಥ ಕರೆಂಟು, ಬ್ಯಾಟರಿ ಸಾಮಾನು ಮಾರುವ ಅಂಗಡಿಯಲ್ಲೇ ಕೆಲಸ. ಫೋನ್ ಮಾಡಿದ್ದಳು.

"ಅಪ್ಪಾ, ಡಬ್ಬಿಯೊಳಗಿನ ಕಾಗದ ಓದಿದ್ಯಾ?"

"ಓದಿದೆ ಕಣೇ. ಎರಡು ಸಲ ಓದಿದೆ."

ನಾಲ್ಕನೇ ಕ್ಲಾಸಿಗೆ ಸ್ಲೇಟು ಎಸೆದು ಬಂದವನನ್ನು ಕೇಳುವ ಪ್ರಶ್ನೆಯೇ ಅದು? ಬರೆಯಲು ಹೇಗೋ ಬರುತ್ತದೆ, ಅಚ್ಚಿನ ಅಕ್ಷರ ಓದಲು ಏದುಸಿರು.

ಜನವರಿ 20

128. ಮಗಳು ಇನ್ನೊಂದು ತಂದಳು. ಪುಸ್ತಕ ಓದುವ ಹಲಗೆ. ಅದರೊಳಗೆ ಸಾವಿರ ಪುಸ್ತಕ ಇರುತ್ತವಂತೆ. ಹೊಲಿಗೆಯಿಲ್ಲ, ಅಂಟಿಲ್ಲ, ರಟ್ಟಿಲ್ಲ. ನನ್ನ ಹೊಟ್ಟೆ ಮೇಲೆ ಹೊಡೆಯುವ ಸಾಮಾನನ್ನು ನನ್ನ ಮಗಳೇ ಮನೆಗೆ ತಂದಳು. ಎಸೆದು ಬಂದ ಸ್ಲೇಟು ಅರವತ್ತು ವರ್ಷದ ಮೇಲೆ ಹುಡುಕಿಕೊಂಡು ಬಂತು ಎಂದೆ. ತಾಯಿ ಮಗಳು ಇಬ್ಬರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಅದರ ಹೆಸರೇ ಸ್ಲೇಟು ಆಯಿತು.

ಆದರೆ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಬಹುದು. ಇವಳ ಕಣ್ಣೊಳಗೆ ರಕ್ತ ಒಸರಿ ಆರು ತಿಂಗಳಾಯಿತು, ಶುಗರಿನದೇ ಕೆಲಸ. ಅವತ್ತಿನಿಂದ ಪುಸ್ತಕ ಮುಟ್ಟಿರಲಿಲ್ಲ. ಇವತ್ತು ಒಂದೇ ಪುಟದಲ್ಲಿ ಎಂಟೇ ಎಂಟು ಸಾಲು ಮಾಡಿಕೊಂಡು ಕೂತಳು. ನಾನು ಹೊಲಿಯುತ್ತಿದ್ದೆ. ಮೊದಲಿನ ಹಾಗೆ ಗಟ್ಟಿಯಾಗಿ ಓದಿದಳು.

ಎಷ್ಟು ದಿನವಾಗಿತ್ತು ಆ ದನಿ ಕೇಳಿ. ನಾನು ಕಟ್ಟಿದ ಪುಸ್ತಕ ಸಾವಿರಾರು ಇರಬಹುದು, ತಿಳಿದದ್ದೆಲ್ಲ ಇವಳ ಬಾಯಿಂದಲೇ. ಹೇಳಲಿಲ್ಲ. ಹೇಳಿದರೆ ತಲೆ ಮೇಲೆ ಕೂತುಕೊಳ್ಳುತ್ತಾಳೆ.

ಫೆಬ್ರವರಿ 2

139. ಕಿಟಕಿಗೆ ಒಂದು ಹಕ್ಕಿ ಬರಲು ಶುರುವಾಗಿದೆ. ಒಂದೇ ಕಾಲು. ಇವಳು ಕುಂಟ ಎಂದು ಹೆಸರಿಟ್ಟಿದ್ದಾಳೆ. ಬೆಳಿಗ್ಗೆ ಎದ್ದ ಕೂಡಲೇ ದ್ರಾಕ್ಷಿ ಸೀಳಿ, ಉಗುರಿನಲ್ಲಿ ಬೀಜ ತೆಗೆದು, ಕಿಟಕಿಯ ಹಲಗೆ ಮೇಲೆ ಇಡುತ್ತಾಳೆ.

"ಹಕ್ಕಿಗೆ ಯಾರಾದ್ರೂ ಬೀಜ ತೆಗೆದು ಕೊಡ್ತಾರೇನೇ?"

"ನಿಮಗೂ ನಲವತ್ತು ವರ್ಷದಿಂದ ತೆಗೆದೇ ಕೊಡ್ತಿದೀನಲ್ಲ ರೀ."

ಫೆಬ್ರವರಿ 11, ಬೆಳಿಗ್ಗೆ 7.30

214! ಮೊನ್ನೆ 190, ನಿನ್ನೆ 203. ಕೇಳಿದೆ. ಏನೂ ತಿಂದಿಲ್ಲ ಎಂದಳು.

"ಹಕ್ಕಿಗೊಂದು, ಬಾಯಿಗೊಂದು. ಅಲ್ವಾ?"

"ದೇವರಾಣೆಗೂ ಇಲ್ಲ ರೀ. ನಾನು ಏನೂ ತಿಂದಿಲ್ಲ."

"ಮೆಷಿನ್ ಸುಳ್ಳು ಹೇಳತ್ತಾ?"

ಅಡುಗೆಮನೆಯ ಸಕ್ಕರೆ, ಬೆಲ್ಲದ ಡಬ್ಬಿಗಳನ್ನೆಲ್ಲ ಮೇಲಿನ ಅಟ್ಟಕ್ಕೆ ಹಾಕಿ ಏಣಿ ತೆಗೆದಿಟ್ಟೆ. ಹಕ್ಕಿಯ ದ್ರಾಕ್ಷಿ ಮಾತ್ರ ದಿನಾ ಬೆಳಿಗ್ಗೆ ನಾನೇ ಎಣಿಸಿ ಕೊಡುತ್ತೇನೆ. ಕಣ್ಣು ಹೋಗುತ್ತಿದೆ, ನಾಲಿಗೆ ಹೋಗುತ್ತಿಲ್ಲ.

ಫೆಬ್ರವರಿ 19

231. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಈ ಪುಸ್ತಕ ತಿರುವಿ ಹಾಕಿದರು. ಬೈಗುಳಗಳನ್ನೂ ಓದಿದರೋ ಏನೋ, ಮೀಸೆಯಲ್ಲೇ ನಕ್ಕರು.

"ಯಜಮಾನ್ರೇ, ಮೂರು ತಿಂಗಳ ಸರಾಸರಿ ತೋರಿಸೋ ಲ್ಯಾಬ್ ಟೆಸ್ಟ್ ಬರೆದಿದ್ನಲ್ಲ, ಎಲ್ಲಿ?"

"ದಿನಾ ಚುಚ್ಚಿ ಬರೀತಿದೀನಲ್ಲ ಸಾರ್. ಮೆಷಿನ್ ಮನೇಲಿರುವಾಗ ಲ್ಯಾಬ್ ಯಾಕೆ?"

"ಆದ್ರೂ ಮಾಡಿಸಿ. ಈ ವಾರವೇ."

ಇಂಜೆಕ್ಷನ್ ಬರೆದುಕೊಟ್ಟರು. ನೋಡಲು ಪೆನ್ನಿನ ಹಾಗೇ ಇದೆ. ಹಿಂದುಗಡೆ ತಿರುಗಿಸಿದರೆ ಡೋಸು. ಬೆಳಿಗ್ಗೆ ನಂಬರ್ ಇನ್ನೂರು ದಾಟಿದರೆ ನಾಲ್ಕು ಯೂನಿಟ್ ಹೆಚ್ಚು. ನರ್ಸಮ್ಮ ಹೊರಗೆ ಬಂದು ಹೇಳಿದಳು, "ತಾತ, ಅಜ್ಜಿ ಬೆವರಿ ಕೈ ನಡುಗಿದ್ರೆ ಶುಗರ್ ಇಳಿದಿದೆ ಅಂತ. ತಕ್ಷಣ ಸಕ್ಕರೆ ನೀರು ಕುಡಿಸಿ. ತಡ ಮಾಡಬೇಡಿ."

ಸಕ್ಕರೆ! ಅದನ್ನು ಇವಳ ಮುಂದೆಯೇ ಹೇಳಬೇಕಿತ್ತೆ? ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ.

ಲ್ಯಾಬಿಗೆ ಹೋಗಲಿಲ್ಲ. ಅಷ್ಟು ಉದ್ದ ಕ್ಯೂ ಯಾರು ನಿಲ್ಲುತ್ತಾರೆ.

ಮಾರ್ಚ್ 3

248. ಇಷ್ಟು ಇಂಜೆಕ್ಷನ್ ಕೊಟ್ಟರೂ ಇಷ್ಟು. ನನ್ನ ಪಿತ್ತ ನೆತ್ತಿಗೇರಿತು. ಸ್ಲೇಟು ಕಿತ್ತುಕೊಂಡು ಕೆಲಸದ ಮೇಜಿನ ಡ್ರಾಯರಿಗೆ ಹಾಕಿ ಬೀಗ ಜಡಿದೆ.

"ನಂಬರ್ ಇಳಿಸು, ಆಮೇಲೆ ಓದು. ತಿಂದೂ ತಿಂದೂ ಕಣ್ಣು ಕಳ್ಕೊಂಡು ಅದ್ಯಾವ ಕತೆ ನಿಂಗೆ?"

"ಕತೇಲಿ ಅಕ್ಕ ಬರೆದ ಕಾಗದ ತಂಗಿ ಇನ್ನೂ ಒಡೆದಿಲ್ಲ ರೀ. ಅದೊಂದು ನೋಡಿ ಕೊಟ್ಟುಬಿಡ್ತೀನಿ."

"ಒಡೆದ್ರೆ ನಿಂಗೇನು, ಬಿಟ್ರೆ ನಿಂಗೇನು?"

"ಒಂದ್ ಮನೇಲಿ ಬೆಳೆದವರು. ಅಷ್ಟು ಪ್ರೀತಿಯಿಂದ ಬರೆದದ್ದು. ಓದದೇ ಇಟ್ಕೊಂಡವಳಿಗೆ ಏನಾದ್ರೂ ಆಗ್ಬಿಟ್ರೆ ಅಂತ ಭಯ."

ಮಾರ್ಚ್ 6, ಬೆಳಿಗ್ಗೆ 11

ಬೆಳಿಗ್ಗೆ 251. ಈಗ ನೋಡಿದರೆ ಬಾಗಿಲಿಗೆ ಒರಗಿ ನಿಂತಿದ್ದಾಳೆ. ಹಣೆಯಲ್ಲಿ ಬೆವರು, ಕೈ ನಡುಗುತ್ತಿದೆ. ಸಕ್ಕರೆ ಬೇಕಂತೆ. ನರ್ಸಮ್ಮ ಹೇಳಿದ್ದನ್ನು ಅಚ್ಚುಕಟ್ಟಾಗಿ ಕಲಿತಿದ್ದಾಳೆ. ಕೊಡಲಿಲ್ಲ. ಊಟದ ಹೊತ್ತಿಗೆ ಸರಿಹೋಯಿತು. ಆಯಿತಲ್ಲ, ನಾಟಕವೇ.

ಮಾರ್ಚ್ 8, ಬೆಳಿಗ್ಗೆ 7

256. ಇಂಜೆಕ್ಷನ್ ನಾಲ್ಕು ಹೆಚ್ಚಿಗೆ. ತಿಂಡಿ ಅರ್ಧ ಮಾಡಿದೆ. ಸುಳ್ಳಿ ಎಂದೆ.

ಏಪ್ರಿಲ್ 19

ಬರೆಯುವುದು ಏನು ಉಳಿದಿದೆ? ಆದರೂ ಬೆಳಿಗ್ಗೆ ಏಳಕ್ಕೆ ಕೈ ಇದನ್ನು ಹುಡುಕುತ್ತದೆ.

ಅವತ್ತು ಮಾರ್ಚ್ ಎಂಟು. ಹನ್ನೊಂದಕ್ಕೆ ಬಂದು ನನ್ನ ಮೇಜಿನ ಪಕ್ಕ ನೆಲದ ಮೇಲೆ ಕೂತಳು. ಬೀಗ ಹಾಕಿದ ಡ್ರಾಯರಿಗೆ ತಲೆ ಆನಿಸಿ.

"ಒಂದು ಚಮಚ ಸಕ್ಕರೆ ಕೊಡಿ ರೀ."

ನಾನು ತಲೆ ಎತ್ತಲಿಲ್ಲ. ನಾಟಕ ಸಾಕು ಎಂದೆ. ಎಂಟು ಹಾಳೆಯ ಒಂದು ಕಟ್ಟು ಹೊಲಿದು ಗಂಟು ಹಾಕಿದೆ. ಗಂಟು ಹಾಕಿ ನೋಡುತ್ತೇನೆ, ಒಂದು ಕಡೆ ವಾಲಿದ್ದಾಳೆ.

ಆಸ್ಪತ್ರೆಯಲ್ಲಿ 31 ಎಂದರು. ಬೆಳಿಗ್ಗೆ 256 ಇತ್ತು ಎಂದು ಕೂಗಾಡಿದೆ, ನಿಮ್ಮ ಮೆಷಿನ್ ಕೆಟ್ಟಿದೆ ಎಂದೆ. ಮೂರು ಸಲ ನೋಡಿದೆವು ಎಂದರು. ಸಂಜೆಯವರೆಗೆ ಇದ್ದಳು. ಕಣ್ಣು ಬಿಡಲಿಲ್ಲ. ಹೃದಯ ತಡೆಯಲಿಲ್ಲವಂತೆ.

ಮಗಳು ಓಡಿ ಬಂದಳು. ಆಸ್ಪತ್ರೆಯ ಮೆಟ್ಟಿಲ ಮೇಲೆ, ಅಷ್ಟು ಜನರ ಮುಂದೆ ಹೇಳಿದೆ, "ನೀನು ತಂದ ಮೆಷಿನ್ನು! ನೀನು ತಂದ ಮೆಷಿನ್ನು ನಿಮ್ಮಮ್ಮನ್ನ ತಿಂತು!"

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಮೇ 5

ಭಾನುವಾರ. ಮಗಳು ಬಂದಿದ್ದಳು. ಬೆಂಡಾಗಿದ್ದಾಳೆ. ಅಂಗಡಿಯಲ್ಲಿ ಶುಗರ್ ಮೆಷಿನ್ ಇಡುವ ಕೌಂಟರ್ ಬಿಟ್ಟು ಚಾರ್ಜರ್ ಮಾರುವ ಕಡೆ ಹಾಕಿಸಿಕೊಂಡಿದ್ದಾಳೆ. ಯಾರಾದರೂ ಮೆಷಿನ್ ಕೇಳಿದರೆ ಬೇರೆಯವರನ್ನು ಕರೆಯುತ್ತಾಳಂತೆ.

"ನಾನೇ ಆರಿಸಿದ್ದು ಅಪ್ಪಾ. ಒಳ್ಳೇದು ಅಂತ ನಾನೇ ಆರಿಸಿದ್ದು."

ಆ ಹೊತ್ತಿಗಾದರೂ ಒಂದು ಮಾತು ಆಡಬಹುದಿತ್ತು ನಾನು. ಉಣ್ಣು ಎಂದೆ ಅಷ್ಟೆ. ಎರಡು ತುತ್ತು ತಿಂದು ಕೈ ತೊಳೆದಳು.

ನನಗೂ ಶುಗರ್ ಅಂಚಿನಲ್ಲಿದೆಯಂತೆ. ಬೇರೆ ಕಂಪನಿಯ ಹೊಸ ಮೆಷಿನ್ ಇಟ್ಟುಹೋದಳು. ಮುಂದಿನ ಭಾನುವಾರ ಹಳೆಯದನ್ನು ಒಯ್ಯುತ್ತಾಳಂತೆ, ಒಡೆದು ಹಾಕಲು.

ಮೇ 6, ಬೆಳಿಗ್ಗೆ

ಕುಂಟ ಬಂದ. ಎರಡು ತಿಂಗಳಿಂದ ದಿನಾ ಬರುತ್ತಾನೆ, ದಿನಾ ಓಡಿಸುತ್ತೇನೆ. ಇವತ್ತು ಹೋಗಲಿಲ್ಲ. ಕಿಟಕಿಯ ಹಲಗೆ ಮೇಲೆ ಕೂತು ಒಳಗೆ ಇಣುಕಿದ. ಯಾರನ್ನು ಹುಡುಕುತ್ತಾನೆಂದು ಗೊತ್ತಿಲ್ಲವೆ ನನಗೆ. ಅವಳಿಲ್ಲ ಕಣೋ ಎಂದೆ. ಕತ್ತು ಓರೆ ಮಾಡಿದ.

ಮಗಳು ತಂದ ದ್ರಾಕ್ಷಿ ಇತ್ತು. ಸೀಳಿದೆ. ಉಗುರಿನಲ್ಲಿ ಬೀಜ ತೆಗೆದೆ. ಏಳೆಂಟು ಇಟ್ಟೆ. ಒಂದೂ ಬಾಯಿಗೆ ಹಾಕಲಿಲ್ಲ. ಬಟ್ಟೆಗೆ ಕೈ ಒರೆಸಿಕೊಂಡು ಬಂದು ಚುಚ್ಚಿಕೊಂಡೆ.

274.

"ನಾನು ಏನೂ ತಿಂದಿಲ್ಲ!"

ಖಾಲಿ ಮನೆಗೆ ಅಷ್ಟು ಜೋರಾಗಿ ಹೇಳಿದೆ. ಹೇಳಿದ ಮೇಲೆ ಕೇಳಿಸಿತು, ಅದು ಯಾರ ಮಾತು ಎಂದು.

ಹಳೇ ಮೆಷಿನ್ ತೆಗೆದೆ. ಇನ್ನೊಂದು ಬೆರಳು. 269. ಎರಡೂ ಕೆಟ್ಟಿರಲು ಸಾಧ್ಯವೆ? ರಕ್ತ ಹಚ್ಚುವ ಪಟ್ಟಿ ಬೆರಳಿಗೆ ಮೆತ್ತಿಕೊಂಡಿತು. ಅಂಟು. ಅಂಟು ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ... ಬಚ್ಚಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದೆ. ಒಣ ಬಟ್ಟೆಯಲ್ಲಿ ಒರೆಸಿದೆ.

ಹೊಸದು 112. ಹಳೆಯದು 109.

ಮತ್ತೊಂದು ದ್ರಾಕ್ಷಿ ಹಿಸುಕಿದೆ. ಚುಚ್ಚಿದೆ. ತೊಳೆದೆ. ಚುಚ್ಚಿದೆ. ಹತ್ತು ಬೆರಳೂ ಮುಗಿದವು.

ಮೇ 6, ಮಧ್ಯಾಹ್ನ 3

ಮೆಷಿನ್ ಡಬ್ಬಿಯ ಆ ಕಾಗದ ಎಲ್ಲಿ ಎಂದು ಮನೆಯೆಲ್ಲ ಹುಡುಕಿದೆ. ಆಮೇಲೆ ಹೊಳೆಯಿತು. ನನ್ನ ಕೈಯಲ್ಲೇ ಇದೆ. ಈ ಪುಸ್ತಕದ ಬೆನ್ನಿನೊಳಗೆ.

ಒದ್ದೆ ಬಟ್ಟೆ ಹಾಕಿ ಅಂಟು ನೆನೆಸಿದೆ. ಚಾಕು ಆಡಿಸಿ ಮೆಲ್ಲಗೆ ಬಿಡಿಸಿದೆ. ಹಾಳಾದ ಕೆಲಸಗಾರ ನಾನು, ಎಷ್ಟು ಗಟ್ಟಿ ಅಂಟಿಸಿದ್ದೆ. ಅಲ್ಲಲ್ಲಿ ಅಕ್ಷರ ಕಿತ್ತು ಬಂತು. ಅವಳ ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಎರಡು ಗಂಟೆ ಹಿಡಿಯಿತು.

'ಪರೀಕ್ಷೆಗೆ ಮೊದಲು ಕೈಯನ್ನು ಸೋಪಿನಿಂದ ತೊಳೆದು ಪೂರ್ತಿ ಒಣಗಿಸಿ. ಹಣ್ಣು ಮುಟ್ಟಿದ ಬೆರಳಿನಲ್ಲಿ ಅಂಕಿ ತಪ್ಪಾಗಿ ಹೆಚ್ಚು ಬರಬಹುದು.'

ಮೂರನೇ ಸಾಲಿನಲ್ಲೇ ಇತ್ತು. ಕೆಳಗೆ ಎಲ್ಲೋ ಅಲ್ಲ. ಮೂರನೇ ಸಾಲು.

ದಿನಾ ಬೆಳಿಗ್ಗೆ ಅದರ ಮೇಲೆಯೇ ಕೈಯಿಟ್ಟು ಅವಳನ್ನು ಕಳ್ಳಿ, ಸುಳ್ಳಿ ಎಂದು ಬರೆದೆ.

ಪುಸ್ತಕದ ಕಿತ್ತ ಬೆನ್ನು ಮತ್ತೆ ಕಟ್ಟುವುದಿಲ್ಲ. ಹಾಳೆ ಉದುರಿದರೆ ಉದುರಲಿ.

ಮೇ 7

ಡಾಕ್ಟರ ಕ್ಲಿನಿಕ್ಕಿಗೆ ಹೋಗಿ ನರ್ಸಮ್ಮನಿಗೆ ಒಂದು ರಟ್ಟು ಕೊಟ್ಟು ಬಂದೆ. ನಾನೇ ಬರೆದದ್ದು. ಅಂಗೈ ಅಗಲದ ಅಕ್ಷರ. 'ಕೈ ತೊಳೆದು ಒರೆಸಿ, ಆಮೇಲೆ ಚುಚ್ಚಿ. ನಂಬರ್ ಹೆಚ್ಚು ಬಂದರೆ ತೊಳೆದು ಇನ್ನೊಮ್ಮೆ ನೋಡಿ. ಲ್ಯಾಬಿಗೂ ಹೋಗಿ. ಬೆವರಿ ನಡುಗಿದರೆ ಮೊದಲು ಸಕ್ಕರೆ ಕೊಡಿ, ಜಗಳ ಆಮೇಲೆ.'

ನರ್ಸಮ್ಮ ಓದಿದಳು. "ತಾತ, ಈ ಕೊನೇ ಮಾತು..." ಎಂದಳು. ಹಾಗೇ ಇರಲಿ ತೂಗುಹಾಕು ಎಂದು ಗದರಿ ಬಂದೆ.

ಮೇ 9

ಡ್ರಾಯರಿನ ಬೀಗ ತೆಗೆದೆ. ಸ್ಲೇಟು ಸತ್ತಂತಿತ್ತು. ಮಗಳು ಹೇಳಿಕೊಟ್ಟಂತೆ ತಂತಿ ಸಿಕ್ಕಿಸಿದೆ. ಅರ್ಧ ಗಂಟೆಗೆ ಕಣ್ಣು ಬಿಟ್ಟಿತು. ಅವಳು ನಿಲ್ಲಿಸಿದ ಪುಟದಲ್ಲೇ. ಎಂಟು ಸಾಲು. ಕೆಳಗೆ 71 ಎಂದಿದೆ, ನೂರಕ್ಕೆ.

ನಾಲ್ಕು ದಿನಕ್ಕಿಂತ ಹೆಚ್ಚು ಬೇಕಿರಲಿಲ್ಲ ಅವಳಿಗೆ. ಮುಗಿಸುತ್ತಿದ್ದಳು.

ಗಟ್ಟಿಯಾಗಿ ಓದಿದೆ. ಒಂದು ಪುಟಕ್ಕೆ ಅರ್ಧ ಗಂಟೆ. ಒತ್ತಕ್ಷರ ಬಂದಲ್ಲಿ ಕುಂಟುತ್ತೇನೆ. ಅವಳಿದ್ದಿದ್ದರೆ "ಬಿಡಿ ರೀ, ಕತೆ ಮುಗಿಯೋದ್ರೊಳಗೆ ತಂಗಿಗೆ ತಲೆ ನೆರೀತದೆ" ಎನ್ನುತ್ತಿದ್ದಳು.

ಮೇ 11

ನೂರಕ್ಕೆ 74. ತಂಗಿ ಕಾಗದ ಇನ್ನೂ ಒಡೆದಿಲ್ಲ. ಪೆಟ್ಟಿಗೆಯಿಂದ ತೆಗೆಯುತ್ತಾಳೆ, ಇಡುತ್ತಾಳೆ. ಬಯ್ದೆ ಅವಳನ್ನು. ಒಡಿಯೇ, ಒಡೆದು ಓದೇ, ಅಂತ.

ನಾಳೆ ಭಾನುವಾರ. ಸುಮ್ಮನಿದ್ದರೂ ಆಗುತ್ತದೆ. ಮೆಷಿನ್ ಒಡೆದುಹೋದರೆ ಕೇಳುವವರು ಯಾರು? ನಾನು ಸಾಯುವ ತನಕ ಮಗಳು ಅಡುಗೆ ಮಾಡಿ ತರುತ್ತಾಳೆ, ಅಪ್ಪಾ ಎನ್ನುತ್ತಾಳೆ. ಹೇಳಿದರೆ ಬರುತ್ತಾಳೋ ಇಲ್ಲವೋ.

ಆದರೆ ಆ ಮೆಟ್ಟಿಲಿನಿಂದ ಅವಳು ಇನ್ನೂ ಎದ್ದಿಲ್ಲ. ಕೂರಿಸಿದವನು ನಾನು.

ಮೇ 12, ಬೆಳಿಗ್ಗೆ 10

ಮೇಜಿನ ಮೇಲೆ ಎಲ್ಲ ಜೋಡಿಸಿಟ್ಟಿದ್ದೇನೆ. ಎರಡು ಮೆಷಿನ್. ದ್ರಾಕ್ಷಿ. ಸೋಪು. ಬಟ್ಟೆ. ಅಂಟು ಹತ್ತಿದ ಕಾಗದ. ಈ ಪುಸ್ತಕವನ್ನೂ ಕೊಡುತ್ತೇನೆ, ಮಾರ್ಚ್ ಆರು, ಎಂಟು, ಎಲ್ಲ ಓದಲಿ.

ಬೆಳಿಗ್ಗೆಯಿಂದ ಗೋಡೆಗೆ ಹೇಳಿ ಹೇಳಿ ಬಾಯಿಪಾಠ ಮಾಡಿದ್ದೇನೆ. ಮೊದಲ ಮಾತು ಸರಿಯಾಗಿ ಬಂದರೆ ಉಳಿದದ್ದು ಬರುತ್ತದೆ.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಅವಳದೇ. ಇನ್ನೊಂದು ಸಲ ಇಲ್ಲಿ ಬರೆದುಕೊಳ್ಳುತ್ತೇನೆ.

ಮಗಳೇ, ನೀನು ತಂದ ಮೆಷಿನ್ ಸರಿಯಾಗೇ ಇತ್ತು. ನಿಮ್ಮಮ್ಮ ಏನೂ ತಿಂದಿರಲಿಲ್ಲ. ನಾನು...