ಬೆರಳಗಲದ ಸಂದು

ಕುಣಿಗಲ್, ೧೨ ಆಗಸ್ಟ್ ೨೦೦೭, ಭಾನುವಾರ

ಮಂಡಿ ಎರಡೂ ಊದಿಕೊಂಡಿವೆ. ಸಿಟ್ಟು ಅದಕ್ಕಲ್ಲ.

ಹಾಲ್‌ನ ಹಳೇ ರೆಡ್ ಆಕ್ಸೈಡ್ ನೆಲದ ಮೇಲೆ ಲ್ಯಾಮಿನೇಟ್ ಹಲಗೆ ಜೋಡಿಸುತ್ತ ಮೂರು ದಿನ ಮಂಡಿಯೂರಿ ಕೂತವಳು ನಾನು. ಅಳೆದದ್ದು, ಗರಗಸ ಹಿಡಿದು ಕೊಯ್ದದ್ದು ನಾನು. ಇವರು ಹಲಗೆಯ ಆ ತುದಿ ಹಿಡಿದುಕೊಂಡು ಟೀವಿಯಲ್ಲಿ ಕ್ರಿಕೆಟ್ ನೋಡಿದರು.

ಗೋಡೆಯುದ್ದಕ್ಕೂ ಬೆರಳಗಲ ಸಂದು ಬಿಟ್ಟಿದ್ದೆ. ತೇವಕ್ಕೆ ಹಲಗೆ ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕೆಂದು ಪ್ಯಾಕಿನೊಳಗಿದ್ದ ಕಾಗದದಲ್ಲೇ ಬರೆದಿತ್ತು. ನಾಳೆ ಅದರ ಮೇಲೆ ಮರದ ಪಟ್ಟಿ ಹೊಡೆದರೆ ಸಂದು ಯಾರಿಗೂ ಕಾಣುತ್ತಿರಲಿಲ್ಲ.

ಸಂಜೆ ಹೆಬ್ಬೂರಿನ ಅಕ್ಕನ ಮನೆಯಿಂದ ಬಂದು ನೋಡಿದರೆ ಸಂದಿನ ತುಂಬ ಬಿಳಿ ಸಿಮೆಂಟು. ಇವರ ಸೋದರಮಾವ ಕದರಯ್ಯ ಹಿತ್ತಲಲ್ಲಿ ಕರಣೆ ತೊಳೆಯುತ್ತಿದ್ದರು. ನಲವತ್ತು ವರ್ಷ ಗಾರೆ ಕೆಲಸ ಮಾಡಿದವರು, ಸಂದು ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ.

"ನಮ್ಮ ಅಂಜನ್‌ಕುಮಾರ ನೆಲ ಶಾನೆ ಚೆನ್ನಾಗಿ ಹಾಕವ್ನೆ ಕಣವ್ವ," ಎಂದು ನನಗೇ ಹೇಳಿದರು. "ಗೋಡೆ ಪಕ್ಕ ಸಂದು ಬುಟ್ಬುಟ್ಟಿದ್ದ, ನಾನೇ ತುಂಬ್ದೆ."

ಇವರು ಪೇಪರಿನಿಂದ ತಲೆ ಎತ್ತಲಿಲ್ಲ. "ಸಂದು ಬಿಟ್ಟಿದ್ದು ಇವಳು, ಮಾವ."

ನೆಲ ಇವರದಂತೆ, ಸಂದು ನನ್ನದಂತೆ.

ನಾನು ಸ್ಕ್ರೂಡ್ರೈವರ್ ತಂದು ಕೆರೆಯಲು ಕೂತೆ. "ಬಿಡೇ, ಮಾವ ಬೇಜಾರ್ ಮಾಡ್ಕೋತಾರೆ," ಎಂದು ಇವರು ಪಿಸುಗುಟ್ಟಿದರು. ನಾನು ಬೇಜಾರು ಮಾಡಿಕೊಂಡರೆ ಪಿಸುಗುಟ್ಟುವವರು ಯಾರೂ ಇಲ್ಲ.

ಮೂರು ಗೋಡೆಯದು ಕೆರೆದು ತೆಗೆದೆ. ಇವರ ಕುರ್ಚಿಯ ಪಕ್ಕದ ಗೋಡೆಯದನ್ನು ಬೇಕೆಂದೇ ಬಿಟ್ಟಿದ್ದೇನೆ. ನೆಲ ಉಬ್ಬಿ ಏಳುವ ದಿನ, ಹಾಕಿದ್ದು ಯಾರೆಂದು ಇವರೇ ಹೇಳಲಿ.