ಮೂರು ಸಾಲು ಅವಳದು, ನಾಲ್ಕನೆಯದು ನನ್ನದು

ನನ್ನ ದುಭಾಷಿ ಪುಟ್ಟಿಗೆ,

ಸನ್ಮಾನ್ಯ ಅಧ್ಯಕ್ಷರೇ, ಘನವೆತ್ತ ತಜ್ಞರೇ, ಸಂಶೋಧನಾ ವೇತನ ದಯಪಾಲಿಸಿದ ದೊಡ್ಡವರೇ, ಮೂರೇ ಕಾಲಿನ ಮೇಜೇ, ಮುಳ್ಳು ನಿಂತ ಗಡಿಯಾರವೇ, ಭೂಗೋಳದ ಮೇಲೆ ಕೂತ ಧೂಳೇ, ‘ಬಹುಭಾಷಾ ಮಕ್ಕಳಿಗೆ ಓರಗೆಯವರ ಭಾಷಾ ನೆರವು’ ಎಂಬ ಈ ಮಹಾಪ್ರಬಂಧವನ್ನು ತಮ್ಮ ದಿವ್ಯ ಸನ್ನಿಧಿಯಲ್ಲಿ...

ಇಷ್ಟು ಹೇಳಿ ನಾನು ಕೆಮ್ಮುತ್ತಿದ್ದೆ, ನೀನು ಚಪ್ಪಾಳೆ ತಟ್ಟುತ್ತಿದ್ದೆ. ಪಕ್ಕದಲ್ಲಿದ್ದ ಕಿಟಕಿ, ನೀನು ಆ ಹೆಸರಿಟ್ಟ ಹೊಸ ಹುಡುಗಿ, ಒಂದಕ್ಷರವೂ ಅರ್ಥವಾಗದೆ, ನಿನ್ನನ್ನು ನೋಡಿಕೊಂಡು ತಾನೂ ತಟ್ಟುತ್ತಿದ್ದಳು. ಆಮೇಲೆ ನಾನು ರೆಕಾರ್ಡರಿನ ಗುಂಡಿ ಒತ್ತಿ ಬೀರುವಿನ ಹಿಂದೆ ಹೋಗಿ ಕೂರುತ್ತಿದ್ದೆ.

ಈಗಲೂ ಅದೇ ಮೆಟ್ಟಿಲ ಪಕ್ಕದ ಕೋಣೆಯಲ್ಲಿ ಕೂತಿದ್ದೇನೆ. ಮಕ್ಕಳೆಲ್ಲ ಮನೆಗೆ ಹೋಗಿದ್ದಾರೆ. ಜವಾನ ಬಂದು ನಾಳೆ ವಿಚಾರಣೆಗೆ ಬರುವವರಿಗೆಂದು ಮೂರು ಕುರ್ಚಿಗಳನ್ನು ಒರೆಸಿ ಸಾಲಾಗಿಟ್ಟು ಹೋದ. ಅವುಗಳ ಎದುರಿಗೆ ಒಂದು ಚಿಕ್ಕ ಸ್ಟೂಲು. ಅದು ನನಗಲ್ಲ, ನಿನಗೆ. ಬೆಳಿಗ್ಗೆ ಹತ್ತಕ್ಕೆ ನಿನ್ನನ್ನು ಕರೆಯುತ್ತಾರೆ. ಹತ್ತೊಂಬತ್ತು ದಿನದಿಂದ ನೀನು ಮಾತಾಡಿಲ್ಲವಂತೆ. ಮೂರು ಭಾಷೆ ಬಲ್ಲ ಹುಡುಗಿ, ಮೂರರಲ್ಲೂ ಮಾತಿಲ್ಲ.

ನಿನ್ನ ಹನ್ನೊಂದು ವರ್ಷದ ತಲೆಗೆ ಇದೆಲ್ಲ ಹೇಗೆ ಶುರುವಾಯಿತು ಎಂದು ಯಾರೂ ಹೇಳಿರಲಾರರು. ನಾನು ಹೇಳುತ್ತೇನೆ. ಇಪ್ಪತ್ತು ವರ್ಷ ಟ್ಯೂಷನ್ ಹೇಳಿ, ನಲವತ್ತಮೂರನೆಯ ವಯಸ್ಸಿಗೆ ಈ ಸಂಶೋಧನಾ ವೇತನ ಗಿಟ್ಟಿಸಿದವಳು ನಾನು. ಹೊಸದಾಗಿ ಬಂದ, ಶಾಲೆಯ ಮಾತು ಬಾರದ ಮಗುವಿಗೆ ಅದರ ಮನೆಮಾತು ಬಲ್ಲ ಇನ್ನೊಂದು ಮಗು ಜೊತೆಯಾದರೆ, ಟೀಚರು ವರ್ಷದಲ್ಲಿ ಕಲಿಸುವುದನ್ನು ಅದು ತಿಂಗಳಲ್ಲಿ ಕಲಿಸುತ್ತದೆ ಎಂದು ತೋರಿಸಬೇಕಿತ್ತು. ಮಂಗಳವಾರ, ಶುಕ್ರವಾರ, ಇಪ್ಪತ್ತು ನಿಮಿಷ. ಒಂದೇ ಜೋಡಿ, ನಲವತ್ತು ದಾಖಲೆ. ಮಧ್ಯೆ ಜೋಡಿ ಮುರಿದರೆ ಲೆಕ್ಕಕ್ಕಿಲ್ಲ. ನಿಮಗಿಂತ ಮುಂಚೆ ಎರಡು ಜೋಡಿ ಮುರಿದಿದ್ದವು. ಎರಡು ಸಲವೂ ಹೊಸ ಮಗುವಿನ ಮನೆಯವರು ಬೇರೆ ಬಡಾವಣೆಗೆ ಹೋಗಿಬಿಟ್ಟರು. ಮೂರನೆಯದು ಮುರಿದರೆ ವೇತನವೂ ಇಲ್ಲ, ಪದವಿಯೂ ಇಲ್ಲ ಎಂದು ನನ್ನ ಮಾರ್ಗದರ್ಶಕರು ಮೊದಲೇ ಹೇಳಿದ್ದರು.

“ನೀವು ಅಲ್ಲಿ ಇದ್ದೂ ಇಲ್ಲದ ಹಾಗಿರ್ಬೇಕು, ತಿಳೀತಾ?” ಎಂದೂ ಹೇಳಿದ್ದರು. ಅದಕ್ಕೆ ತರಬೇತಿ ಬೇಡ ಸಾರ್, ಮನೆಯಲ್ಲಿ ಇಪ್ಪತ್ತು ವರ್ಷದ ಅನುಭವ ಇದೆ ಎಂದೆ. ಅವರು ನಗಲಿಲ್ಲ. ಸಂಶೋಧನೆಯ ನಮೂನೆಯಲ್ಲಿ ನಗುವಿಗೆ ಜಾಗವಿಲ್ಲ.

ನೀನು ಮಾತ್ರ ಮೊದಲ ದಿನವೇ ನಗಿಸಿದೆ. “ಅವಳು ನನ್ನ ಮುಖಾನೇ ನೋಡಲ್ಲ ಮಿಸ್, ಕಿಟಕೀನೇ ನೋಡ್ತಾಳೆ. ಕಿಟಕಿ ಅಂತಾನೇ ಕರೀತೀನಿ.” ಹೆಸರು ಅಂಟಿಕೊಂಡಿತು. ನೀನು ಅವಳಿಗೆ ಕಲಿಸಿದ ಮೊದಲ ವಾಕ್ಯ ‘ನೀರು ಕುಡಿದು ಬರ್ಲಾ ಮಿಸ್’. ಅದೇ ಯಾಕೆ ಎಂದು ಕೇಳಿದರೆ, “ಅದೊಂದು ಬಂದ್ರೆ ಎಲ್ಲಿಂದ ಬೇಕಾದ್ರೂ ಹೊರಗೆ ಬರ್ಬೋದು” ಎಂದೆ. ಯಾವ ಪಠ್ಯಪುಸ್ತಕ ಬರೆದವರಿಗೂ ಇಷ್ಟು ಬುದ್ಧಿ ಇಲ್ಲ ಎಂದು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಈಗ ಆ ಪುಟ ತಿರುವಲು ಕೈ ಬರುವುದಿಲ್ಲ.

ಪ್ರಾಸ ಕಂಡರೆ ನಾನು ಬೆಲ್ಲ ಕಂಡ ಇರುವೆ, ನಿನಗೆ ಗೊತ್ತು. ಹನ್ನೆರಡನೆಯ ದಿನ ಕಿಟಕಿ ತೋರುಬೆರಳು ಎತ್ತಿ, ಶಾಲೆಯ ಮಾತಿನಲ್ಲೇ, “ಒಂದು ಬೆರಳು ಹೋಗತ್ತೆ” ಎಂದಳು. ಇಪ್ಪತ್ತೈದನೆಯ ದಿನ ಎರಡು ಬೆರಳು ಎತ್ತಿದಳು. ಮೂವತ್ತಾರನೆಯ ದಿನ ಇಡೀ ಅಂಗೈ ತೋರಿಸಿದಳು. ಮನೆಯಲ್ಲಿ ಆಡುವ ಬೆರಳಾಟದ ಪದ್ಯವಿರಬೇಕು ಎಂದುಕೊಂಡು ಬೀರುವಿನ ಹಿಂದಿನಿಂದ ಎದ್ದು ಬಂದೆ. ಇದ್ದೂ ಇಲ್ಲದ ಹಾಗಿರಬೇಕಾದವಳು ಕೂತು ಪದ್ಯ ಕಟ್ಟಿದೆ.

ಒಂದು ಬೆರಳು ತೂರಿತು,
ಎರಡು ಬೆರಳು ಸೇರಿತು,
ಅಂಗೈ ಪೂರಾ ಜಾರಿತು,
ಆಟ ಈಗ ತೀರಿತು!

ಮೂರು ಸಾಲು ಅವಳದು, ನಾಲ್ಕನೆಯದು ನನ್ನದು. ನಾನು ತಾಳ ಹಾಕಿ ಹೇಳಿಕೊಟ್ಟೆ. ಕಿಟಕಿ ಹೇಳಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು, ಕಿಟಕಿಯನ್ನಲ್ಲ. ‘ಮಗು ವಯಸ್ಕರ ಕಣ್ಣಲ್ಲಿ ಕಣ್ಣಿಟ್ಟು ನೋಡಿತು, ಉತ್ತಮ ಪ್ರಗತಿ’ ಎಂದು ದಾಖಲಿಸಿದೆ. ಅವಳು ನಿನ್ನ ಕಡೆ ತಿರುಗಿ ಮನೆಮಾತಿನಲ್ಲಿ ಏನೋ ಬಹಳ ಹೊತ್ತು ಹೇಳಿದಳು. ಆ ಭಾಷೆ ನನಗೆ ಬಾರದು. ಮನೆಮಾತಿನ ಭಾಗಗಳನ್ನು ಅನುವಾದಿಸಬೇಕಿಲ್ಲ, ನಿಮಿಷ ಎಣಿಸಿದರೆ ಸಾಕು ಎಂಬುದು ನಮ್ಮ ಪದ್ಧತಿ. ನಾಲ್ಕು ನಿಮಿಷ ಎಂದು ಎಣಿಸಿದೆ.

ನಲವತ್ತನೆಯ ದಿನ ಶುಕ್ರವಾರ. ಹನ್ನೊಂದು ಗಂಟೆಗೆ ಹಿಂದಿನ ಓಣಿಯಲ್ಲಿ ಲಾರಿಯಿಂದ ಜಲ್ಲಿ ಸುರಿದಂಥ ಸದ್ದಾಯಿತು. ಕಿಟಕಿ ಬರೆಯುತ್ತಿದ್ದ ಪೆನ್ಸಿಲನ್ನು ಕೆಳಗಿಟ್ಟಳು. ಎದ್ದು ಹೋಗಿ ನೋಡಲಿಲ್ಲ, ಅಳಲೂ ಇಲ್ಲ. ಮನೆಮಾತಿನಲ್ಲಿ ಒಂದೇ ಒಂದು ಮಾತು ಹೇಳಿದಳು. ನೀನು ಅದನ್ನು ನನಗೆ ತಿಳಿಸಲಿಲ್ಲ. ನಾನೂ ಕೇಳಲಿಲ್ಲ.

ಆ ಓಣಿಯ ಇಸ್ತ್ರಿ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಕಿಟಕಿಯ ಮನೆಯವರ ವಾಸ. ಹಿಂಗೋಡೆಯ ಬಿರುಕಿನ ಮೇಲೆ ಕ್ಯಾಲೆಂಡರು ತೂಗುಹಾಕಿದ್ದರು. ದೂರು ಕೊಟ್ಟರೆ ಅಂದೇ ಖಾಲಿ ಮಾಡಿ ಎಂದಿದ್ದನಂತೆ ಮನೆಯೊಡೆಯ. ಎಂಟು ವರ್ಷದ ಹುಡುಗಿ ದಿನಾ ಆ ಕ್ಯಾಲೆಂಡರು ಸರಿಸಿ, ಬಿರುಕಿಗೆ ಬೆರಳಿಟ್ಟು ಅಳೆಯುತ್ತಿದ್ದಳು. ಗೋಡೆ ಬಿದ್ದಾಗ ಒಳಗಿದ್ದವಳು ಅವಳ ಅಮ್ಮ ಒಬ್ಬಳೇ. ಆಕೆ ಇನ್ನೂ ಕಣ್ಣು ಬಿಟ್ಟಿಲ್ಲ. ಡಾಕ್ಟರು ದಿನಾ ‘ನೋಡೋಣ’ ಎನ್ನುತ್ತಾರೆ. ಕಿಟಕಿ ಆಸ್ಪತ್ರೆಯ ಬೆಂಚಿನಲ್ಲಿ ಅಪ್ಪನ ಪಕ್ಕ ಕೂತಿರುತ್ತಾಳಂತೆ. ಅಲ್ಲಿಯ ಗೋಡೆಗಳನ್ನೂ ಮುಟ್ಟಿ ಮುಟ್ಟಿ ನೋಡುತ್ತಾಳಂತೆ.

ಊರಿಗೆ ಊರೇ ನಿನ್ನ ಕಡೆ ಬೆರಳು ತೋರಿಸುತ್ತಿದೆ. ಹೆಡ್‌ಮಿಸ್ ಅಂದಿದ್ದು ನನ್ನ ಎದುರಿಗೇ: “ಆ ಹುಡುಗಿಗೆ ಎಲ್ಲಾ ಗೊತ್ತಿತ್ತು ಕಣ್ರೀ. ಹೊಟ್ಟೇಲಿಟ್ಕೊಂಡು ಕೂತಿದ್ದಾಳೆ. ಪುಟ್ಟ ಜೀವ ಅನ್ನೋ ಹಾಗಿಲ್ಲ.” ನಿನ್ನ ಅಜ್ಜಿ ಹೊಲಿಗೆ ಮೆಷಿನ್ ಬಿಟ್ಟು ಶಾಲೆಗೆ ಬಂದು, ಎಲ್ಲರ ಮುಂದೆ ನಿನ್ನ ಗಲ್ಲ ಹಿಡಿದೆತ್ತಿ, “ನಿಂಗೆ ಗೊತ್ತಿತ್ತೇನೇ? ಹೇಳೇ ತಾಯಿ, ಗೊತ್ತಿತ್ತಾ?” ಎಂದು ಕೇಳಿದರು. ನೀನು ನನ್ನ ಕಡೆ ನೋಡಿದೆ. ನಾನು ರಿಜಿಸ್ಟರ್ ನೋಡಿದೆ.

ಅದಕ್ಕೇ ಈ ಕಾಗದ ಬರೆಯಲು ಕೂತದ್ದು. ನಾಳೆ ಸ್ಟೂಲಿನ ಮೇಲೆ ಕೂತಾಗ ಹೆದರಬೇಡ. ಅವರು ಗದರಿಸುವವರಲ್ಲ. ಗೊತ್ತಿತ್ತು, ಆದರೆ ಆಟ ಅಂದ್ಕೊಂಡೆ, ಮರೆತುಹೋಯ್ತು, ಅಂತ ಹೇಳಿಬಿಡು. ಚಿಕ್ಕವಳು, ಬಿಡ್ತಾರೆ. ಮಕ್ಕಳ ಮರೆವಿಗೆ ಯಾರೂ ಶಿಕ್ಷೆ ಕೊಡುವುದಿಲ್ಲ. ಎರಡು ದಿನ ಆಡಿಕೊಳ್ಳುತ್ತಾರೆ, ಮೂರನೆಯ ದಿನ ಅವರೇ ಮರೆಯುತ್ತಾರೆ. ನೀನು ದೊಡ್ಡವಳಾಗುತ್ತೀಯ, ಒಳ್ಳೆಯ ಓದು ಓದುತ್ತೀಯ, ನನ್ನ ಪ್ರಬಂಧದ ಮೊದಲ ಪುಟದಲ್ಲಿ ನಿನಗೆ ಕೃತಜ್ಞತೆ...

ಬೇಡ. ಹಾಗೆ ಹೇಳಬೇಡ.

ನೀನು ಹೇಳಿದ್ದೆ. ಮೂವತ್ತೊಂಬತ್ತನೆಯ ದಿನ, ಮಂಗಳವಾರ, ಕಿಟಕಿಯನ್ನು ತರಗತಿಗೆ ಬಿಟ್ಟು ಓಡಿ ವಾಪಸು ಬಂದೆ. “ಮಿಸ್, ಅದು ಪದ್ಯ ಅಲ್ಲ. ಅವಳ ಮನೆ ಗೋಡೆ. ನಾನು ಹೋಗಿ ನೋಡ್ದೆ. ನನ್ನ ಕೈನೂ ಮಣಿಕಟ್ಟಿನ ತನಕ ಹೋಯ್ತು” ಎಂದು ಅಂಗಿಯ ತೋಳಿಗೆ ಹತ್ತಿದ ಸುಣ್ಣ ತೋರಿಸಿದೆ. ನನಗೆ ಬಾರದ ಭಾಷೆಯಲ್ಲಲ್ಲ, ನಾನೇ ಕಲಿಸುವ ಭಾಷೆಯಲ್ಲಿ. ನಾನು ಯಾರಿಗಾದರೂ ಹೇಳಿದ್ದರೆ ಕಿಟಕಿಯ ಮನೆಯವರನ್ನು ಅಂದೇ ಅಲ್ಲಿಂದ ಎಬ್ಬಿಸುತ್ತಿದ್ದರು, ಬೇರೆ ಬಡಾವಣೆ, ಬೇರೆ ಶಾಲೆ, ಮುರಿದ ಮೂರನೆಯ ಜೋಡಿ. “ಶುಕ್ರವಾರದ ತನಕ ಸುಮ್ನಿರು ಪುಟ್ಟಿ. ಇನ್ನೊಂದೇ ಉಳಿದಿರೋದು. ಯಾರ ಹತ್ರಾನೂ ಬಾಯಿ ಬಿಡಲ್ಲ ಅಂತ ಮಾತು ಕೊಡು” ಎಂದೆ. ನೀನು ಕೊಟ್ಟೆ. ಇನ್ನೂ ಉಳಿಸಿಕೊಂಡಿದ್ದೀಯ. ರೆಕಾರ್ಡರ್ ಓಡುತ್ತಲೇ ಇತ್ತು. ಆ ಎರಡು ನಿಮಿಷವನ್ನು ನಾನೇ ಅಳಿಸಿದೆ.

ನಾಳೆ ಆ ಸ್ಟೂಲಿನ ಮೇಲೆ ನಾನು ಕೂರುತ್ತೇನೆ. ಈ ಕಾಗದ ಮೊದಲು ನಿನ್ನ ಅಜ್ಜಿಯ ಕೈಗೆ ಹೋಗುತ್ತದೆ, ಆಮೇಲೆ ಆ ಮೂರು ಕುರ್ಚಿಗಳಿಗೆ. ನೀನು ಕೊಟ್ಟ ಮಾತನ್ನು ನಿನಗೇ ಹಿಂದಿರುಗಿಸಿದ್ದೇನೆ. ಇನ್ನು ಬಾಯಿ ಬಿಡು ತಾಯಿ, ಮೂರು ಭಾಷೆಯಲ್ಲೂ. ನಿನ್ನ ಮಾತು ಕೇಳಿಸಿಕೊಳ್ಳುವ ದೊಡ್ಡವರು ನಿನಗೆ ಸಿಗಲಿ.

ಇದ್ದೂ ಇಲ್ಲದಂತಿದ್ದ,
ನಿನ್ನ ಮಿಸ್